ಬ್ಯಾಲೆನ್ಸಿಂಗ್ ಬೇಕಾದರೆ ಸೊರಬಕ್ಕೆ ಹೋಗಿ

ಶಿರಾಳಕೊಪ್ಪದಲ್ಲಿ ನನ್ನದೊಂದು ಟೈರಿನ ಅಂಗಡಿ ಇದೆ. ಕಾರಿಗೆ ಹೊಸ ಟೈರ್ ಹಾಕಿಕೊಡುತ್ತೇನೆ. ಹಾಕಿದ ಮೇಲೆ ಚಕ್ರದ ಬ್ಯಾಲೆನ್ಸಿಂಗ್ ಮಾಡಿಸಬೇಕು, ಇಲ್ಲದಿದ್ದರೆ ಗಾಡಿ ವೇಗ ಹಿಡಿದಾಗ ಸ್ಟೇರಿಂಗ್ ನಡುಗುತ್ತದೆ. ಆ ಕೆಲಸ ಮಾತ್ರ ನಾನು ಮಾಡುವುದಿಲ್ಲ. "ಸೊರಬಕ್ಕೆ ಹೋಗಿ. ಅಲ್ಲಿ ನನ್ನ ತಂಗಿಯ ಅಂಗಡಿ ಇದೆ. ಅಲ್ಲೀವರೆಗೆ ನಿಧಾನ ಓಡಿಸಿ" ಎನ್ನುತ್ತೇನೆ. ಕೇಳಿದವರು ನನ್ನ ಮುಖ ನೋಡುತ್ತಾರೆ. ಟೈರ್ ಒಂದು ಊರಲ್ಲಿ, ಬ್ಯಾಲೆನ್ಸಿಂಗ್ ಇನ್ನೊಂದು ಊರಲ್ಲಿ, ಇದೆಂಥ ವ್ಯಾಪಾರ ಎನ್ನುತ್ತಾರೆ. ಕೆಲವರು ಇಳಿಸಿದ ಚಕ್ರ ಮತ್ತೆ ಹಾಕಿಸಿಕೊಂಡು ಶಿಕಾರಿಪುರದ ಕಡೆ ಹೋಗಿಬಿಡುತ್ತಾರೆ. ಹೋಗಲಿ. ಯಾಕೆ ಅಂತ ಕೇಳಿದವರಿಗೆ ಯಾಕೆ ಅಂತಲೂ ಹೇಳುತ್ತೇನೆ. ಹೇಳಿ ಹೇಳಿ ಈಗ ಬರೆಯುವಷ್ಟು ಧೈರ್ಯ ಬಂದಿದೆ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬರೆಯುವುದು ನನ್ನ ಕೈಗೆ ರೂಢಿಯಿಲ್ಲ. ಇದನ್ನು ಬರೆಯುತ್ತೇನೆ ಎಂದಾಗ ನಮ್ಮ ಮನೆಯ ಹಿರಿಯರು, "ಅಣ್ಣ ತಂಗಿ ಮಧ್ಯೆ ಏನೋ ಆಗಿರ್ತದೆ, ಅದನ್ನ ಬೀದಿಗೆ ಯಾಕೆ ತರ್ತೀಯ?" ಅಂದರು. ನನ್ನ ತಂಗಿಯ ಹೆಸರು ಹಾಳಾಗಿದ್ದು ಬೀದಿಯಲ್ಲೇ. ಸಂತೆಯ ದಿನ, ಹತ್ತಾರು ಜನರ ಎದುರು. ಅದನ್ನು ಅಡುಗೆಮನೆಯಲ್ಲಿ ಕೂತು ಸರಿಮಾಡಲು ಬರುವುದಿಲ್ಲ.

ಮೊದಲು ನನ್ನದು ಪಂಕ್ಚರ್ ಅಂಗಡಿ. ಶಿಕಾರಿಪುರದಲ್ಲಿ ಲಾರಿಗಳು ನಿಲ್ಲುವ ಜಾಗದಲ್ಲಿ ಕಲಿತ ಕೆಲಸ. ಟ್ಯೂಬಿಲ್ಲದ ಟೈರು, ಹೊಳೆಯುವ ಅಲಾಯ್ ಚಕ್ರ ಬಂದ ಮೇಲೆ ಜನ ಬ್ಯಾಲೆನ್ಸಿಂಗ್ ಕೇಳತೊಡಗಿದರು. ಗಟ್ಟಿ ಮನಸ್ಸು ಮಾಡಿ ಕಂಪ್ಯೂಟರ್ ಮಿಷನ್ ತರಿಸಿದೆ. ಮಿಷನ್ ಜತೆ ಬಂದವನು ಪರದೆ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ತೋರಿಸಿ ಗಡಗಡ ಹೇಳಿಕೊಂಡು ಹೋದ. ನಾನು ತಲೆಯಾಡಿಸಿದೆ. ಕೊನೆಗೆ "ತಿಳೀತಾ ಸರ್?" ಅಂದ. "ಹ್ಞೂಂ, ತಿಳೀತು" ಅಂದೆ.

ಹಿಂದಿನಿಂದ ತಂಗಿ, "ಅವನಿಗೆ ತಿಳಿದಿಲ್ಲ. ಇನ್ನೊಂದ್ಸಲ ಹೇಳ್ರಿ, ನನಗೆ" ಅಂದಳು.

ಅವಳನ್ನು ಸೊರಬಕ್ಕೆ ಕೊಟ್ಟಿದ್ದೆವು. ಅವತ್ತು ತವರಿಗೆ ಬಂದವಳು ಊಟದ ಬುತ್ತಿ ತಂದುಕೊಡಲು ಅಂಗಡಿಗೆ ಬಂದಿದ್ದಳು, ಅಷ್ಟೇ. ಎಸ್ಸೆಸ್ಸೆಲ್ಸಿ ಪಾಸಾದವಳು, ಪ್ರಶ್ನೆ ಕೇಳಲು ನಾಚಿಕೆಯಿಲ್ಲದವಳು. ರಿಮ್ಮಿನ ಅಗಲ ಎಲ್ಲಿಂದ ಎಲ್ಲಿಗೆ ಅಳೆಯಬೇಕು, ಯಾವ ಬಟನ್ ಯಾವುದಕ್ಕೆ, ನಂಬರ್ ತಪ್ಪು ಬಂದರೆ ಏನು ಮಾಡಬೇಕು, ಎಲ್ಲ ಕೇಳಿದಳು. ಬಂದವನು ಬುತ್ತಿಯ ರೊಟ್ಟಿ ತಿನ್ನುತ್ತಾ ಎಲ್ಲ ಹೇಳಿದ. ಮರುವಾರದಿಂದ ಅವಳು ಸೊರಬದ ಬೆಳಗಿನ ಬಸ್ಸು ಹತ್ತಿ ಅಂಗಡಿಗೆ ಬರತೊಡಗಿದಳು. ಚೂಡಿದಾರದ ಮೇಲೆ ನನ್ನ ಹಳೆಯ ನೀಲಿ ಶರ್ಟು ಹಾಕಿಕೊಳ್ಳುತ್ತಿದ್ದಳು. ಸಂಜೆ ಅದನ್ನು ಮಿಷನ್ ಪಕ್ಕದ ಮೊಳೆಗೆ ನೇತುಹಾಕಿ ಹೋಗುತ್ತಿದ್ದಳು.

ನಮ್ಮ ಕೆಲಸ ಹೀಗೆ ಹಂಚಿಕೆಯಾಯಿತು. ನಾನು ಟೈರ್ ಕೂರಿಸಿ ಚಕ್ರವನ್ನು ಮಿಷನ್ನಿಗೆ ಏರಿಸಿ ಬಿಗಿಯುವುದು. ಅವಳು ಚಕ್ರ ತಿರುಗಿಸಿ, ಪರದೆ ಓದಿ, ಯಾವ ಕಡೆ ಎಷ್ಟು ತೂಕ ಕಡಿಮೆ ಇದೆ ಅಂತ ನೋಡಿ ಟೈರಿನ ಮೇಲೆ ಸೀಮೆಸುಣ್ಣದ ಗೆರೆ ಎಳೆಯುವುದು. ಆ ಗೆರೆಯ ನೇರಕ್ಕೆ ರಿಮ್ಮಿನ ಒಳಮೈಗೆ ವೇಟು ಅಂಟಿಸುವುದು ಮತ್ತೆ ನನ್ನ ಕೆಲಸ. ವೇಟು ಎಂದರೆ ಚಾಕೊಲೇಟಿನ ಹಾಗೆ ಮುರಿಯಲು ಬರುವ ಲೋಹದ ಪಟ್ಟಿ, ಹಿಂದುಗಡೆ ಅಂಟು ಇರುತ್ತದೆ. ಅಂಟಿಸುವ ಜಾಗವನ್ನು ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರಸಿ ಒಣಗಿಸಿ ಅಂಟಿಸಬೇಕು. ಆಮೇಲೆ ಮುಷ್ಟಿಯಿಂದ ಗುದ್ದಬೇಕು. ಈ ಕೆಲಸಕ್ಕೆ ಓದು ಬೇಡ. ನನಗೆ ಬರುತ್ತಿದ್ದ ಕೆಲಸ.

ಮೊದಮೊದಲು ಗಿರಾಕಿಗಳು ಅವಳು ಎದುರೇ ನಿಂತಿದ್ದರೂ ನನ್ನ ಹತ್ತಿರ, "ಏನ್ ತೋರಿಸ್ತದೆ ಅಂತ ಕೇಳ್ರಿ ಅವ್ರನ್ನ" ಅನ್ನುತ್ತಿದ್ದರು. ಆರು ತಿಂಗಳಲ್ಲಿ ಅದು ಬದಲಾಯಿತು. ಅವಳು ಬಾರದ ದಿನ ಬಂದವರು, "ಅಕ್ಕ ಇಲ್ವಾ? ಹಂಗಾದ್ರೆ ನಾಳೆ ಬರ್ತೀನಿ ಬಿಡ್ರಿ" ಎಂದು ಹೊರಟೇಬಿಡುತ್ತಿದ್ದರು. ಪಕ್ಕದಲ್ಲಿ ಸೀಟ್ ಕವರ್ ಹೊಲಿಯುವ ಚಾಚಾ ಒಬ್ಬರಿದ್ದಾರೆ. ಅವರು ಹೊಲಿಗೆ ಮಿಷನ್ ನಿಲ್ಲಿಸಿ ಕೂಗುತ್ತಿದ್ದರು, "ಬೋರ್ಡ್ ಮ್ಯಾಲೆ ನಿನ್ ಹೆಸ್ರು ಯಾಕೆ ಭಾಯ್? ಅಳಿಸಿ ಬೆಹೆನ್ ಹೆಸ್ರು ಬರ್ಸು, ಗಿರಾಕಿ ಜಾಸ್ತಿ ಆಗ್ತಾರೆ!" ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ನನ್ನ ನಗು ಸುಳ್ಳಾಗಿತ್ತು. ಅಂಗಡಿ ಕಟ್ಟಿದವನು ನಾನು, ಜಾಕ್ ಎತ್ತಿ ಸೊಂಟ ಮುರಿದುಕೊಂಡವನು ನಾನು, ಕೇಳುವುದು ಅವಳನ್ನು. ಇದು ನನ್ನ ಹೊಟ್ಟೆಯಲ್ಲಿತ್ತು. ಇದನ್ನು ಮುಚ್ಚಿಟ್ಟರೆ ಮುಂದಿನದು ಯಾರಿಗೂ ಅರ್ಥವಾಗುವುದಿಲ್ಲ.

ಒಂದು ದಿನ ಹೊಸಬಾಳೆ ಕಡೆಯ ಸಾವುಕಾರರೊಬ್ಬರು ಕಾರಿಗೆ ನಾಲ್ಕೂ ಟೈರ್ ಹಾಕಿಸಲು ಬಂದರು. ಶುಂಠಿ ವ್ಯಾಪಾರ ಅವರದು. ಸೊರಬ, ಕುಪ್ಪಗಡ್ಡೆ, ಶಿಕಾರಿಪುರ, ಎಲ್ಲ ಕಡೆ ಓಡಾಟ, ಎಲ್ಲ ಕಡೆ ಅವರ ಮಾತಿಗೆ ಬೆಲೆ. ಜತೆಗೆ ಅವರ ತಾಯಿ. ಅಜ್ಜಿ ಕೈಚೀಲದಲ್ಲಿ ಪೂಜೆಯ ಸಾಮಾನೆಲ್ಲ ತಂದಿದ್ದರು. ಹೊಸ ಟೈರಿಗೆ ಪೂಜೆ ಮಾಡುವುದು, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಹಾಯಿಸುವುದು ನಮ್ಮ ಕಡೆ ಎಲ್ಲರೂ ಮಾಡುವುದೇ. ಆದರೆ ಚಕ್ರ ಗಾಡಿಗೆ ಹಾಕಿದ ಮೇಲೆ ಮಾಡುತ್ತಾರೆ. ಅಜ್ಜಿ ಅಲ್ಲಿವರೆಗೆ ಕಾಯಲಿಲ್ಲ.

"ನಂಗೆ ಮಂಡಿ ಬಗ್ಗಲ್ಲ ತಮ್ಮಾ. ಚಕ್ರ ಹಿಂಗೆ ನಿಂತಿರ್ವಾಗ್ಲೇ ಹಚ್ಚಿಬಿಡ್ತೀನಿ" ಅಂದರು.

ಟೈರ್ ಕೂರಿಸಿದ ಚಕ್ರಗಳನ್ನು ನಾನು ಗೋಡೆಗೆ ಒರಗಿಸಿಟ್ಟಿದ್ದೆ. ಹೊಳೆಯುವ ಮೈಗೆ ಗೀರು ಬೀಳಬಾರದೆಂದು ಬಟ್ಟೆ ಹಾಕಿ ಅದನ್ನು ಗೋಡೆಯ ಕಡೆಗೆ, ಒಳಮೈಯನ್ನು ಹೊರಗೆ ಮಾಡಿಟ್ಟಿದ್ದೆ. ಅಜ್ಜಿ ವಿಭೂತಿ ಗಟ್ಟಿಯನ್ನು ನೀರಲ್ಲಿ ತೇದು, ಮೂರು ಬೆರಳು ಅದ್ದಿ, ಒಂದೊಂದು ರಿಮ್ಮಿನ ಒಳಗೂ ದಪ್ಪಗೆ ಮೂರು ಗೆರೆ ಎಳೆದರು. ಆಮೇಲೆ ಮಿಷನ್ ಎದುರಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತರು. "ರಾಹುಕಾಲ ಬರೋದ್ರೊಳಗೆ ಗಾಡಿ ಹೊರಡ್ಬೇಕು ನೋಡು" ಎಂದರು.

ಎರಡು ಚಕ್ರ ಮುಗಿದವು. ಮೂರನೆಯದರಲ್ಲಿ ತಂಗಿ ಗೆರೆ ಎಳೆದ ನೇರಕ್ಕೆ ಒಳಗೆ ಕೈಹಾಕಿದರೆ ಬೆರಳಿಗೆ ವಿಭೂತಿ ತಾಗಿತು. ಗೆರೆ ಸರಿಯಾಗಿ ಅದರ ಮೇಲೇ ಬಂದಿತ್ತು. ಮಿಷನ್ನಿಗೆ ಏರಿಸಿದ ಚಕ್ರದ ಒಳಮೈ ನಿಂತವರಿಗೆ ಕಾಣುವುದಿಲ್ಲ, ಬಗ್ಗಿ ಕೈಯಾಡಿಸಿದವನಿಗೆ ಮಾತ್ರ ಗೊತ್ತು. ಪರದೆಯ ಹತ್ತಿರ ನಿಂತಿದ್ದ ತಂಗಿಗೆ ಮೆತ್ತಗೆ ಹೇಳಿದೆ, "ಇಲ್ಲಿ ವಿಭೂತಿ ಐತೆ."

"ಒರಸಿ ಹಚ್ಚು. ಬೂದಿ ಮ್ಯಾಲೆ ಅಂಟು ಹಿಡಿಯಲ್ಲ."

ಪೆಟ್ರೋಲಿನ ಬಟ್ಟೆ ಕೈಗೆತ್ತಿಕೊಂಡೆ. ಗ್ರೀಸು ಮೆತ್ತಿದ ಕರೀ ಬಟ್ಟೆ. ತಲೆಯೆತ್ತಿದರೆ ಅಜ್ಜಿ ಕೈಮುಗಿದು ಚಕ್ರವನ್ನೇ ನೋಡುತ್ತಿದ್ದರು. ನನ್ನ ಹಣೆಯ ಮೇಲೂ ಅದೇ ವಿಭೂತಿ ಇತ್ತು. ಆ ಬಟ್ಟೆಯಿಂದ ಅದನ್ನು ಉಜ್ಜಿ ತೆಗೆಯಲು ಕೈ ಬರಲಿಲ್ಲ. ಬಟ್ಟೆ ಕೆಳಗಿಟ್ಟು ಬೂದಿಯ ಮೇಲೇ ವೇಟು ಒತ್ತಿ, ಗುದ್ದಿದೆ.

"ಒರಸಿದ್ಯಾ ಅಣ್ಣಾ?"

"ಹ್ಞೂಂ."

ತಂಗಿ ಮತ್ತೆ ಚಕ್ರ ತಿರುಗಿಸಿದಳು. ಎರಡೂ ಕಡೆ ಸೊನ್ನೆ ಬಂತು. ಅಂದರೆ ಸರಿಯಾಯಿತು ಅಂತ ಅರ್ಥ. ನಿಂಬೆಹಣ್ಣು ಜಜ್ಜಿಕೊಂಡು ಗಾಡಿ ರಾಹುಕಾಲಕ್ಕೆ ಮೊದಲೇ ಹೊರಟಿತು.

ಇಷ್ಟಕ್ಕೇ ನಿಂತಿದ್ದರೆ ಭಕ್ತಿಯಿಂದ ಆದ ತಪ್ಪು ಅಂತ ಯಾರಾದರೂ ಬಿಟ್ಟುಬಿಡುತ್ತಿದ್ದರು. ನಾನೂ ನನ್ನನ್ನು ಕ್ಷಮಿಸಿಕೊಳ್ಳುತ್ತಿದ್ದೆನೇನೋ. ಆದರೆ ಭಕ್ತಿ ಇದ್ದವನು ಸುಳ್ಳು ಹೇಳುವುದಿಲ್ಲ.

ವಾರ ತುಂಬುವುದರೊಳಗೆ ಸಾವುಕಾರರು ತಿರುಗಿ ಬಂದರು. ಸಂತೆಯ ದಿನ. ಅಂಗಡಿ ಮುಂದೆ ಗಾಡಿಗಳ ಸಾಲು. ಕಾರು ನಿಲ್ಲಿಸಿ ಬಾಗಿಲು ತೆರೆದಿಟ್ಟೇ ಕೂಗಿದರು, "ಏನು ಮಾರಾಯಾ ನೀನು ಮಾಡಿದ ಕೆಲಸ! ಎಂಬತ್ತು ದಾಟಿದ್ರೆ ಸ್ಟೇರಿಂಗ್ ಗಡಗಡ ನಡುಗ್ತದೆ. ಹೆಂಡತಿ ಮಕ್ಕಳು ಇದ್ರು ಗಾಡೀಲಿ!"

ತಂಗಿ ಏನೂ ವಾದ ಮಾಡಲಿಲ್ಲ. "ಮುಂದಿನ ಎರಡೂ ಚಕ್ರ ಇಳಿಸು ಅಣ್ಣಾ" ಅಂದಳು. ಇಳಿಸಿದೆ. ಬಲಗಡೆಯದರ ಒಳಗೆ ವೇಟಿರಲಿಲ್ಲ. ಅದಿದ್ದ ಕಡೆ ವಿಭೂತಿಯ ಗೆರೆ ತುಂಡಾಗಿತ್ತು, ಅಕ್ಕಪಕ್ಕ ಬಿಳಿ ಹಾಗೇ ಉಳಿದಿತ್ತು. ತಂಗಿ ಅಲ್ಲಿ ಬೆರಳು ಎಳೆದಳು. ಬೆರಳ ತುದಿ ನೋಡಿಕೊಂಡಳು. ಆಮೇಲೆ ನನ್ನನ್ನು ನೋಡಿದಳು.

"ಅವತ್ತು ಒರಸಿದ್ದೆ ಅಲ್ವಾ ಅಣ್ಣಾ?"

ಅವಳು ಅವಕಾಶ ಕೊಟ್ಟಿದ್ದಳು. ಇಲ್ಲ ಅಂತ ಒಂದು ಮಾತು ಹೇಳಿದರೆ ಸಾಕಿತ್ತು. ಸಾವುಕಾರರು, ಸಾಲಿನಲ್ಲಿದ್ದ ಗಿರಾಕಿಗಳು, ಸಂತೆಗೆ ಬಂದು ನಿಂತು ನೋಡುತ್ತಿದ್ದವರು, ಚಾಚಾ, ಎಲ್ಲರ ಕಣ್ಣು ನನ್ನ ಮೇಲೆ.

"ಒರಸೇ ಹಚ್ಚಿದ್ದು. ನೀನು ಗುರುತು ಸರಿಯಾಗಿ ಹಾಕಿದ್ರೆ ತಾನೇ!" ಅಂದೆ.

ಗುರುತಿಗೂ ವೇಟು ಬೀಳುವುದಕ್ಕೂ ಸಂಬಂಧವೇ ಇಲ್ಲ. ಈ ಕೆಲಸ ಗೊತ್ತಿದ್ದ ಯಾರಿಗಾದರೂ ಅದು ತಿಳಿಯುತ್ತಿತ್ತು. ಅಲ್ಲಿ ಗೊತ್ತಿದ್ದವರು ನಾವಿಬ್ಬರೇ. ಸಾವುಕಾರರು ಸುತ್ತ ನೋಡಿ, "ಕೇಳಿದ್ರಾ? ಹೆಂಗಸ್ರ ಕೈಗೆ ಚಕ್ರ ಕೊಟ್ರೆ ಇದೇ ಗತಿ. ಪುಣ್ಯಕ್ಕೆ ಉಳಕೊಂಡ್ವಿ" ಅಂದರು.

ತಂಗಿ ತಾನೇ ಬಟ್ಟೆ ತೆಗೆದುಕೊಂಡು ರಿಮ್ ಒರಸಿ, ವೇಟು ಅಂಟಿಸಿ, ಗುದ್ದಿ, ಚಕ್ರ ತಿರುಗಿಸಿದಳು. ಸೊನ್ನೆ ಬಂತು. "ಓಡಿಸಿ ನೋಡ್ರಿ. ಮತ್ತೆ ನಡುಗಿದ್ರೆ ನಾನೇ ನಿಮ್ಮ ಮನೆಗೆ ಬಂದು ಉತ್ತರ ಕೊಡ್ತೀನಿ" ಅಂದಳು. ಗಾಡಿ ಆಮೇಲೆ ನಡುಗಲಿಲ್ಲ. ಅದನ್ನು ಮಾತ್ರ ಸಾವುಕಾರರು ಎಲ್ಲೂ ಹೇಳಲಿಲ್ಲ.

ಸಂಜೆ ನಾನು ಅವಳಿಗೆ, "ಸ್ವಲ್ಪ ದಿನ ಮನೇಲಿರು. ಜನ ಮರೀಲಿ" ಅಂದೆ.

"ಜನ ಮರೀಬೇಕಾದ್ದು ಏನು?" ಅಂತ ಕೇಳಿದಳು.

ನಾನು ಜಾಕ್ ಎತ್ತಿಡಲು ಹೋದೆ. ಅವಳು ಶರ್ಟನ್ನು ಮೊಳೆಗೆ ನೇತುಹಾಕಿ ಬಸ್ಸಿಗೆ ಹೋದಳು. ಮತ್ತೆ ಬರಲಿಲ್ಲ.

ಅವಳ ಹಿಂದೆ ನಿಂತು ನಿಂತು ನಾನೂ ಮಿಷನ್ ಕಲಿತಿದ್ದೆ. ಅಕ್ಷರ ಓದಲು ಬಾರದಿದ್ದರೂ ಯಾವ ಬಟನ್ ಯಾವಾಗ ಒತ್ತುತ್ತಿದ್ದಳು ಎಂಬುದು ಕಣ್ಣಿಗೆ ಕಟ್ಟಿತ್ತು. ಗಿರಾಕಿಗಳು ನನ್ನನ್ನೇ ಕೇಳತೊಡಗಿದರು. ಸುಳ್ಳು ಯಾಕೆ ಹೇಳಲಿ, ಕೆಲವು ತಿಂಗಳು ನನಗೆ ಚೆನ್ನಾಗಿಯೇ ಇತ್ತು. ಮೊಳೆಯ ಮೇಲಿನ ನೀಲಿ ಶರ್ಟನ್ನು ಮಾತ್ರ ತೆಗೆಯಲಿಲ್ಲ. ತೆಗೆದರೆ ಎಲ್ಲಿಡುವುದು ಎಂಬುದು ಗೊತ್ತಾಗಲಿಲ್ಲ.

ಸಾವುಕಾರರ ಮಾತು ಅವರ ಶುಂಠಿಯ ಹಾಗೆ ಊರೂರಿಗೆ ಹೋಯಿತು. ಹೋದಲ್ಲೆಲ್ಲ ಬೆಳೆಯಿತು. ಒಬ್ಬರು ಚಕ್ರವೇ ಕಳಚಿ ಗದ್ದೆಗೆ ಉರುಳಿತಂತೆ ಅಂದರು. ನನ್ನ ಅಂಗಡಿಯಲ್ಲೇ ನಿಂತು ಅಂದರು, ನನಗೇ ಹೇಳಿದರು. "ಹೌದಾ?" ಅಂದೆ, ಅಷ್ಟೇ. ಇತ್ತ ತಂಗಿ ಸೊರಬದಲ್ಲಿ ಹೊಸದಾಗಿ ಶುರುವಾದ ಟೈರ್ ಅಂಗಡಿಗೆ ಕೆಲಸ ಕೇಳಿಕೊಂಡು ಹೋಗಿದ್ದಳಂತೆ. ಅಂಗಡಿಯವನು, "ಹೊಸಬಾಳೆ ಸಾವ್ಕಾರ್ರ ಗಾಡಿ ಮಾಡಿದ್ದು ನೀವೇ ಅಲ್ವಾ?" ಅಂತ ಕೇಳಿ, ಚಹಾ ಕುಡಿಸಿ, ಕಳಿಸಿಬಿಟ್ಟನಂತೆ. ಇದನ್ನು ನನಗೆ ಹೇಳಿದವನು ಅವಳ ಗಂಡ. ನನ್ನ ಮೇಲೆ ಅವನಿಗೆ ಒಂದಿಷ್ಟೂ ಅನುಮಾನ ಇರಲಿಲ್ಲ. "ಅವಳು ಮನೇಲಿ ಯಾವ ಗಾಡಿ ಸದ್ದು ಕೇಳಿದ್ರೂ ಹೊರಗೆ ಬಂದು ಚಕ್ರ ನೋಡ್ತಾಳೆ ಭಾವ" ಅಂದ.

ನನ್ನ ತಂಗಿಗೆ ಬರುತ್ತಿದ್ದ ವಿದ್ಯೆ ಅದೊಂದೇ, ಅವಳು ತಾನಾಗಿ ಕೇಳಿ ಕಲಿತದ್ದು. ಆ ವಿದ್ಯೆಯನ್ನು ಯಾವ ಊರಲ್ಲೂ ಮಾಡಲು ಬಾರದ ಹಾಗೆ ಮಾಡಿದವನು ನಾನು. ಅಷ್ಟು ಗೊತ್ತಾದ ಮೇಲೂ ಸುಮ್ಮನಿದ್ದೆ. ನನ್ನ ತಪ್ಪು ಯಾವುದು ಎಂದು ಕೇಳಿದರೆ ಇದನ್ನೇ ಹೇಳುತ್ತೇನೆ. ವೇಟು ಬಿದ್ದದ್ದು ಇದರ ಮುಂದೆ ಸಣ್ಣದು.

ದೀಪಾವಳಿ ಕಳೆದ ಮೇಲೆ ಸಾವುಕಾರರು ಇನ್ನೊಂದು ಗಾಡಿ ತಂದರು. ತೋಟಕ್ಕೆ ಓಡಾಡುವ ಜೀಪು. ಅದಕ್ಕೂ ಅಲಾಯ್ ಚಕ್ರ. ಅಜ್ಜಿಯೂ ಬಂದಿದ್ದರು, ಕೈಚೀಲವೂ ಬಂದಿತ್ತು. ನಾನು ಟೈರ್ ಕೂರಿಸಿ ಚಕ್ರ ಒರಗಿಸುವುದೇ ತಡ, ಅಜ್ಜಿ ಎದ್ದರು. ಹೋದ ಸಲ ತೊಂದರೆಯಾಗಿತ್ತಲ್ಲ, ಅದಕ್ಕೆ ಈ ಸಲ ಮೂರು ಗೆರೆಗೆ ಬಿಡಲಿಲ್ಲ. ರಿಮ್ಮಿನ ಒಳಗೆ ಸುತ್ತಲೂ ಬಳಿದರು. ಎಲ್ಲಿ ವೇಟು ಅಂಟಿಸಿದರೂ ಬೂದಿಯ ಮೇಲೆಯೇ.

ಸಾವುಕಾರರು ಪಕ್ಕದಲ್ಲಿ ಕಾಯುತ್ತಿದ್ದ ಮತ್ತೊಬ್ಬ ಗಿರಾಕಿಗೆ ಹೇಳುತ್ತಿದ್ದರು, "ಮುಂಚೆ ಇವನ ತಂಗಿ ಇದ್ಲು ಇಲ್ಲಿ. ನಮ್ಮನ್ನ ಸಾಯಿಸೇ ಬಿಡ್ತಿದ್ಲು. ಈಗ ಗಂಡಸಿನ ಕೈಗೆ ಬಂದದೆ, ಪರವಾಗಿಲ್ಲ."

ನಾನು ಪೆಟ್ರೋಲಿನ ಬಟ್ಟೆ ತೆಗೆದುಕೊಂಡು, ಮಿಷನ್ನಿಗೆ ಏರಿಸಿದ್ದ ಚಕ್ರವನ್ನು ಕೆಳಗಿಳಿಸಿ, ಎಲ್ಲರಿಗೂ ಕಾಣುವ ಹಾಗೆ ಒಳಮೈ ಹೊರಗೆ ಮಾಡಿ ಒರಸತೊಡಗಿದೆ.

"ಏಯ್ ತಮ್ಮಾ, ಏನ್ ಮಾಡ್ತಿದೀಯ?" ಅಜ್ಜಿ ಕುರ್ಚಿಯಿಂದ ಎದ್ದರು.

"ಒರಸ್ತಿದೀನಿ ಅಜ್ಜಿ. ಇದರ ಮ್ಯಾಲೆ ವೇಟು ನಿಲ್ಲಲ್ಲ. ಹೋದ ಸಲ ಬಿದ್ದಿದ್ದು ಅದಕ್ಕೇ. ಒರಸಿ ಹಚ್ಚು ಅಂತ ತಂಗಿ ಹೇಳಿದ್ಲು. ನಾನು ಒರಸಲಿಲ್ಲ. ಒರಸೀನಿ ಅಂತ ಸುಳ್ಳು ಹೇಳ್ದೆ. ಅವಳು ಹಾಕಿದ ಗುರುತು ಸರಿಯಾಗೇ ಇತ್ತು."

ಸಾವುಕಾರರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮುಖ ಕೆಂಪಾಯಿತು. "ಅಂದ್ರೆ ನನ್ನ ಹೆಂಡತಿ ಮಕ್ಕಳ ಜೀವದ ಜತೆ ಆಟ ಆಡಿದ್ದು ನೀನು!"

"ಹೌದ್ರಿ, ನಾನೇ."

ಅಜ್ಜಿ ಹತ್ತಿರ ಬಂದರು. ಬೈಯುತ್ತಾರೆ ಅಂದುಕೊಂಡೆ. "ಒರಸೋಕೆ ಏನಾಗಿತ್ತೋ ನಿಂಗೆ?" ಅಂದರು. "ನಾನು ದಿನಾ ಹಚ್ಕೊಳ್ತೀನಿ, ದಿನಾ ಮುಖ ತೊಳಿಯಲ್ವಾ? ಅಲ್ಲಿ ಬೇಡ ಅಜ್ಜಿ ಅಂದಿದ್ರೆ ಹೊರಗಡೆ ಹಚ್ತಿದ್ದೆ. ಅದು ಹೋಗ್ಲಿ, ಆ ಹುಡುಗೀನ ಯಾಕೆ ಬೈಸ್ದೆ?"

ಅಷ್ಟು ಜನರಲ್ಲಿ ಸರಿಯಾದ ಪ್ರಶ್ನೆ ಕೇಳಿದವರು ಅವರೊಬ್ಬರೇ. "ಎಲ್ಲರೂ ಅವಳನ್ನೇ ಕೇಳ್ತಿದ್ರು ಅಜ್ಜಿ. ನನಗೆ ತಡಿಲಿಲ್ಲ" ಅಂದೆ. ಹೊಲಿಗೆ ಮಿಷನ್ನಿನ ಸದ್ದು ನಿಂತಿತ್ತು. ಚಾಚಾ ಬಾಗಿಲಿಗೆ ಬಂದು ನಿಂತಿದ್ದರು.

ನಾನು ಸಾವುಕಾರರ ಕಡೆ ತಿರುಗಿದೆ. "ನನ್ನನ್ನ ಎಷ್ಟು ಬೇಕಾದ್ರೂ ಬೈರಿ. ಆದ್ರೆ ಅವಳ ಮಾತು ಎಲ್ಲೆಲ್ಲಿ ಆಡಿದ್ರೋ ಅಲ್ಲೆಲ್ಲ ನನ್ನ ಹೆಸರು ಹೇಳಿ ಬರ್ರಿ."

"ನಾನ್ಯಾಕೆ ಹೇಳ್ಲಿ? ತಪ್ಪು ನಿಂದು."

"ತಪ್ಪು ನಂದು. ಊರಿಗೆಲ್ಲ ಹಂಚಿದ್ದು ನೀವು."

ಅವರು ಜೀಪಿಗೆ ಹಳೆಯ ಟೈರುಗಳನ್ನೇ ಹಾಕಿಸಿಕೊಂಡು ಹೋದರು. ಆಮೇಲೆ ನನ್ನ ಅಂಗಡಿಗೆ ಬಂದಿಲ್ಲ. ಚಾಚಾ ಮಾತ್ರ ನಿಂತಲ್ಲೇ ನಿಂತಿದ್ದರು. ಯಾವಾಗಲೂ ತಮಾಷೆ ಮಾಡುವವರು ಅವತ್ತು ತಮಾಷೆ ಮಾಡಲಿಲ್ಲ. "ಇಷ್ಟು ದಿನ ಬಾಯಿಗೆ ಏನಾಗಿತ್ತು ಭಾಯ್?" ಎಂದು ಕೇಳಿ ಒಳಗೆ ಹೋದರು.

ಮರುದಿನ ಸೊರಬಕ್ಕೆ ಹೋದೆ. ತಂಗಿ ಹಿತ್ತಲಲ್ಲಿ ಮಗಳ ಶಾಲೆಯ ಬಟ್ಟೆ ಒಗೆಯುತ್ತಿದ್ದಳು. ನಿಂತೇ ಎಲ್ಲ ಹೇಳಿದೆ. ಅವಳು ಬಟ್ಟೆ ಹಿಂಡುವುದನ್ನು ನಿಲ್ಲಿಸಲಿಲ್ಲ.

"ಗೊತ್ತಿತ್ತು. ಬೆರಳಿಗೆ ಬೂದಿ ಅಂಟಿತ್ತಲ್ಲ."

"ಅವತ್ತೇ ಹೇಳ್ಬೇಕಿತ್ತು ನೀನು."

"ನಾನು ಹೇಳಿದ್ರೆ, ಸಿಕ್ಕಿಹಾಕ್ಕೊಂಡ್ಲು, ಈಗ ಅಣ್ಣನ ಮ್ಯಾಲೆ ಹಾಕ್ತಾಳೆ ಅಂತಿದ್ರು. ನೀನು ಹೇಳ್ಬೇಕಿತ್ತು. ಹೇಳ್ತೀಯೋ ಇಲ್ವೋ ಅಂತ ನೋಡ್ತಾ ಇದ್ದೆ. ಎಷ್ಟು ಹೊತ್ತು ಮಾಡಿದೆಯೋ ಮಾರಾಯಾ!"

"ತಪ್ಪಾಯ್ತು. ಸೋಮವಾರದಿಂದ ಬಾ ಅಂಗಡಿಗೆ. ಮಿಷನ್ ನೀನೇ ನೋಡ್ಕೋ."

"ನಿನ್ನ ಅಂಗಡಿಗೆ ಬರಲ್ಲ. ಮಿಷನ್ ಕೊಡು."

ನನಗೆ ಸಿಟ್ಟು ಬಂತು. ಅಷ್ಟು ಜನರ ಮುಂದೆ ತಲೆ ತಗ್ಗಿಸಿ ಬಂದಿದ್ದೇನೆ, ಕಾಲು ಹಿಡಿಯುವುದೊಂದು ಬಾಕಿ, ಇವಳು ಅನ್ನ ಕೊಡುವ ಮಿಷನ್ನನ್ನೇ ಕೇಳುತ್ತಾಳಲ್ಲ ಅಂತ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮನಸ್ಸಲ್ಲೇ ಜಗಳವಾಡಿದೆ. ಅಂಗಡಿ ಬಾಗಿಲು ತೆಗೆದೆ. ಶರ್ಟು ಮೊಳೆಯ ಮೇಲಿತ್ತು. ಅದನ್ನು ತೆಗೆದು ಮಡಚಿ ಕೊಟ್ಟುಬರಬಹುದು, ಮಿಷನ್ ಇಲ್ಲಿರಬಹುದು. ಹಾಗೆ ಮಾಡಿದರೆ ಅವಳ ಕೈಯಲ್ಲಿ ಉಳಿಯುವುದು ನನ್ನ ಹಳೆಯ ಶರ್ಟು ಮಾತ್ರ. ನಾನು ಕಿತ್ತುಕೊಂಡದ್ದು ಶರ್ಟನ್ನಲ್ಲ.

ವಾರದೊಳಗೆ ಗೂಡ್ಸ್ ಗಾಡಿಯಲ್ಲಿ ಮಿಷನ್ ಸೊರಬಕ್ಕೆ ಹೋಯಿತು. ನಮ್ಮ ಕಡೆಯವರು ಸುಮ್ಮನಿರಲಿಲ್ಲ. "ಈಗ ಮಿಷನ್ ಕೇಳಿದಾಳೆ, ನಾಳೆ ಹೊಲದ ಪಹಣಿ ಕೇಳ್ತಾಳೆ" ಎಂದರು. ಕೇಳಲಿ. ಕೇಳಿದರೆ ಆ ಮಾತು ಅವಳಿಗೂ ನನಗೂ ಬಿಟ್ಟದ್ದು. ತಂಗಿಗೆ ಹೆದರಿದ ಗಂಡಸು ಅಂತಲೂ ಅಂದರು. ಅವಳಿಗೆ ಹೆದರಬೇಕಾದಾಗ ನಾನು ಹೆದರಲಿಲ್ಲ, ಅದೇ ತಪ್ಪಾಗಿದ್ದು.

ಅವಳು ಮಳಿಗೆ ಹಿಡಿದು ಬೋರ್ಡ್ ಹಾಕಿದಳು. ಮೊದಲ ಎರಡು ತಿಂಗಳು ಗಾಡಿ ಬರುತ್ತಿದ್ದದ್ದು ಬೆರಳೆಣಿಕೆ. ಹಳೆಯ ಮಾತು ಇನ್ನೂ ಓಡಾಡುತ್ತಿತ್ತು. ಅದಕ್ಕೇ ನಾನು ಟೈರ್ ಹಾಕಿಸಿದ ಪ್ರತಿಯೊಬ್ಬರನ್ನೂ ಅವಳ ಕಡೆ ಕಳಿಸತೊಡಗಿದೆ, ಕಳಿಸುವ ಮುಂಚೆ ಈ ಕಥೆ ಹೇಳತೊಡಗಿದೆ. ಕೆಲವರು ನಕ್ಕರು, ಕೆಲವರು ನನ್ನ ಕೈಯಲ್ಲಿ ಟೈರನ್ನೂ ಹಾಕಿಸಿಕೊಳ್ಳದೆ ಹೋದರು. ಹೊಸಬಾಳೆಯ ಅಜ್ಜಿ ಮಗನಿಗೆ ಏನು ಹೇಳಿದರೋ ತಿಳಿಯದು. ಈಗ ಆ ಮನೆಯ ಎರಡೂ ಗಾಡಿ ತಂಗಿಯ ಹತ್ತಿರವೇ ಬರುತ್ತವಂತೆ. ಅಜ್ಜಿ ವಿಭೂತಿಯನ್ನು ಟೈರಿನ ಹೊರಮೈಗೆ ಹಚ್ಚುತ್ತಾರಂತೆ, ಅದೂ ಅವಳನ್ನು ಕೇಳಿ.

ಹೋದ ತಿಂಗಳು ನನ್ನ ಸ್ವಂತ ಕಾರಿಗೆ ಹೊಸ ಟೈರ್ ಹಾಕಿದೆ. ನಿಧಾನ ಓಡಿಸಿಕೊಂಡು ಸೊರಬಕ್ಕೆ ಹೋದೆ. ನನಗಿಂತ ಮುಂಚೆ ಮೂರು ಗಾಡಿ ನಿಂತಿದ್ದವು. ಅಣ್ಣ ಬಂದ ಅಂತ ಅವಳು ಯಾರನ್ನೂ ಹಿಂದಕ್ಕೆ ಹಾಕಲಿಲ್ಲ. ನನ್ನ ಸರದಿ ಬಂದಾಗ ಪೆಟ್ರೋಲಿನ ಬಟ್ಟೆ ನನ್ನ ಕೈಗೆ ಎಸೆದು, "ಒರಸು" ಅಂದಳು. ನಾಲ್ಕೂ ರಿಮ್ಮನ್ನು ಒಳಗೆ ಸುತ್ತಲೂ ಉಜ್ಜಿ ಒರಸಿದೆ.

"ಒರಸಿದ್ಯಾ?"

"ಒರಸೀನಿ."

ಅವಳು ಬಗ್ಗಿ ರಿಮ್ಮಿನೊಳಗೆ ಬೆರಳಾಡಿಸಿದಳು. ಬೆರಳನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ವೇಟಿನ ಪಟ್ಟಿಯನ್ನು ನನ್ನ ಕೈಗೆ ಕೊಡದೆ ತಾನೇ ಅಂಟಿಸಿ ಗುದ್ದಿದಳು. ಸಾಲಿನಲ್ಲಿದ್ದ ಒಬ್ಬ, "ಅಣ್ಣನ ಮೇಲೂ ನಂಬಿಕೆ ಇಲ್ವೇನಕ್ಕಾ?" ಅಂತ ನಕ್ಕ.

"ಇಲ್ಲ" ಅಂದಳು, ಪರದೆ ನೋಡುತ್ತಲೇ.

ನೋಡಲಿ. ನಾನು ಬಂದಾಗಲೆಲ್ಲ ಬೆರಳು ಹಾಕಿ ನೋಡಲಿ. ಅದು ಅವಳ ಮಿಷನ್.